ಶರತ್‌ಗೆ ಹನ್ನೆರಡು ಡೇರೆ

ಗೊತ್ತಿಲ್ಲ ಎನ್ನುವ ಒಂದು ಮಾತನ್ನು ಬಿಟ್ಟರೆ ಗೋವಿಂದಯ್ಯನವರಿಗೆ ಎಲ್ಲವೂ ಗೊತ್ತಿತ್ತು. ಮಾಚೇನಹಳ್ಳಿಯ ಒಂದು ಎರಕದ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಸ್ಟೋರ್ ಕೀಪರ್ ಆಗಿದ್ದ ಅವರು ನಟ್ಟು ಬೋಲ್ಟುಗಳ ನಡುವೆ ಕುಳಿತುಕೊಂಡೇ ಕ್ರಿಕೆಟ್ಟಿನಿಂದ ಹಿಡಿದು ಕಿಡ್ನಿ ಕಲ್ಲಿನವರೆಗೆ ಯಾವ ವಿಷಯಕ್ಕೆ ಬೇಕಾದರೂ ತೀರ್ಪು ಕೊಡಬಲ್ಲವರಾಗಿದ್ದರು. ತೀರ್ಪು ತಪ್ಪಿದ ಸಂದರ್ಭಗಳೂ ಇರಲಿಲ್ಲವೆಂದಲ್ಲ. ಆದರೆ ಅದು ಆಯಾ ವಿಷಯದ ತಪ್ಪೇ ಹೊರತು ತಮ್ಮದಲ್ಲ ಎಂಬ ಬಗ್ಗೆ ಅವರಿಗೆ ಅನುಮಾನವಿರಲಿಲ್ಲ.

ಶ್ರಾವಣದ ಮೊದಲ ಸೋಮವಾರ, ಕಾರ್ಖಾನೆಗೆ ಹೊಸದಾಗಿ ಬಂದಿದ್ದ ಮ್ಯಾನೇಜರ್ ಓಂಕಾರಪ್ಪನವರು ಸ್ಟೋರಿನ ಬಾಗಿಲಲ್ಲಿ ನಿಂತು, "ಕ್ವಾರ್ಟರ್ಸ್ ಮುಂದೆ ಒಂದು ಆಟಮ್ ಗಾರ್ಡನ್ ಮಾಡೋಣ ಅಂತಿದೀನಿ. ಯಾವ ಹೂ ಹಾಕೋದು ಅಂತಾನೇ ತಿಳೀತಿಲ್ಲ" ಎಂದರು. ಹೇಳಿದ್ದು ಜೊತೆಯಲ್ಲಿದ್ದ ಫೋರ್‌ಮನ್ನಿಗೆ. ಉತ್ತರ ಬಂದದ್ದು ಬೇರಿಂಗ್ ಡಬ್ಬಗಳ ಹಿಂದಿನಿಂದ.

"ಅದನ್ನ ನಮ್ಮಲ್ಲಿ ಶರತ್ ಅಂತೀವಿ ಸಾರ್. ಶರದೃತು. ಆಶ್ವಯುಜ, ಕಾರ್ತಿಕ ಎರಡು ತಿಂಗಳು. ನಮ್ಮನೇಲಿ ಪ್ರತಿ ವರ್ಷ ಶರತ್‌ಗೆ ಅಂತಾನೇ ಹೂವಿನ ತೋಟ ಮಾಡ್ತೀವಿ."

ಮ್ಯಾನೇಜರು ಸಂತೋಷದಿಂದ ಒಳಗೆ ಬಂದರು. "ಹೌದಾ! ಎಲ್ಲಿ ನಿಮ್ಮನೆ?"

"ದುರ್ಗಿಗುಡಿ ಸಾರ್."

"ಹಾಗಾದ್ರೆ ಆ ಕಡೆ ಬಂದಾಗ ಒಂದು ಸಲ ನೋಡ್ಲೇಬೇಕು."

ದುರ್ಗಿಗುಡಿಯ ಆ ಮನೆಯ ಮುಂದೆ ಇದ್ದದ್ದು ಹನ್ನೆರಡಡಿ ಉದ್ದ, ಎಂಟಡಿ ಅಗಲದ ಜಾಗ. ಅದರಲ್ಲಿ ಒಂದು ತುಳಸಿಕಟ್ಟೆ, ಒಂದು ಕರಿಬೇವಿನ ಗಿಡ ಮತ್ತು ಚೈನಿಲ್ಲದ ಒಂದು ಸೈಕಲ್ಲು ಇದ್ದವು. ಇವುಗಳ ಪೈಕಿ ಯಾವುದೂ ಆಶ್ವಯುಜದಲ್ಲಿ ಹೂ ಬಿಟ್ಟ ದಾಖಲೆಯಿರಲಿಲ್ಲ.

ಸಾಯಂಕಾಲವೇ ಗೋವಿಂದಯ್ಯನವರು ಮೊಬೈಲು ಹಿಡಿದು ಹೂವಿನ ಆಯ್ಕೆಗೆ ಕುಳಿತರು. ಮೊಬೈಲು ತೋರಿಸಿದ ಹೂವುಗಳೆಲ್ಲ ದೂರದ ದೇಶದವು.

"ಪ್ಯಾನ್ಸಿ ಅಂತೆ ಕಣೇ" ಎಂದರು ಹೆಂಡತಿಯ ಕಡೆ ತಿರುಗಿ.

ಹೆಂಡತಿ ಗುತ್ಯಮ್ಮ ಸೊಪ್ಪು ಬಿಡಿಸುತ್ತಿದ್ದರು. "ಬಸ್‌ಸ್ಟ್ಯಾಂಡ್ ಹತ್ರ ಇದೆಯಲ್ಲ. ಬಳೆ, ಕ್ಲಿಪ್ಪು ಎಲ್ಲಾ ಸಿಗುತ್ತೆ."

"ಅದು ಫ್ಯಾನ್ಸಿ ಸ್ಟೋರು! ಇದು ಹೂವು."

"ಹೂವು ಬೇಕಾದ್ರೆ ಒಂದು ದಾಸವಾಳ ಹಾಕಿ. ದೇವರಿಗಾದ್ರೂ ಆಗುತ್ತೆ."

"ದಾಸವಾಳ ವರ್ಷವಿಡೀ ಬಿಡುತ್ತೆ. ಅದಕ್ಕೊಂದು ಋತು ಅನ್ನೋದೇ ಇಲ್ಲ. ಶಿಸ್ತಿಲ್ಲದ ಹೂವು" ಎಂದು ಗೋವಿಂದಯ್ಯನವರು ದಾಸವಾಳವನ್ನು ತಳ್ಳಿಹಾಕಿದರು. ಗುಲಾಬಿಗೆ ಮುಳ್ಳಿದೆ, ಮಲ್ಲಿಗೆಗೆ ಬಣ್ಣವಿಲ್ಲ, ಸಂಪಿಗೆ ಮರವಾಗುತ್ತದೆ. ಎರಡು ದಿನ ಹೀಗೆ ಒಂದೊಂದೇ ಹೂವನ್ನು ವಿಚಾರಣೆಗೆ ಕರೆದು, ದೋಷ ಹುಡುಕಿ ಹೊರಗೆ ಕಳಿಸಿದ ಮೇಲೆ ಅಂತಿಮ ಪಟ್ಟಿ ತಯಾರಾಯಿತು. ಮುಂದಿನ ಸಾಲಿನಲ್ಲಿ ಚೆಂಡುಹೂ, ಅದರ ಹಿಂದೆ ಸೇವಂತಿಗೆ, ಮೂಲೆಗಳಲ್ಲಿ ಕೋಳಿಜುಟ್ಟು. ಎಲ್ಲಕ್ಕೂ ಹಿಂದೆ, ರಾಜರ ಹಾಗೆ, ತಟ್ಟೆಯಗಲ ಅರಳುವ ಡೇರೆ ಹೂವು. ಪಟ್ಟಣದ ಹುಡುಗರು ಡಾಲಿಯಾ ಅನ್ನುತ್ತಾರಲ್ಲ, ಅದೇ. ಜಾಗ ಮಾಡಲು ಕರಿಬೇವಿನ ಗಿಡವನ್ನು ಬುಡಸಮೇತ ಕಿತ್ತು ಹಿತ್ತಿಲಿಗೆ ಸಾಗಿಸಲಾಯಿತು.

ಬುಧವಾರ ಬೆಳಿಗ್ಗೆ ಅವರು ಕಾಂಪೌಂಡಿನ ಹತ್ತಿರ ನಿಂತು ಗಾಜನೂರಿನ ನರ್ಸರಿಗೆ ಫೋನು ಮಾಡಿದರು. ಒಳಗೆ ಸಿಗ್ನಲ್ ಬರುವುದಿಲ್ಲ. ಹೊರಗೂ ಅಷ್ಟೇನೂ ಬರುವುದಿಲ್ಲವಾದ್ದರಿಂದ ಗಾಜನೂರಿಗೆ ನೇರವಾಗಿಯೇ ಕೇಳಿಸುವಷ್ಟು ಗಟ್ಟಿಯಾಗಿ ಮಾತಾಡಬೇಕಾಗಿತ್ತು. ಪಕ್ಕದ ಮನೆಯ ನಂಜಮ್ಮ ಬಟ್ಟೆ ಹರವಲು ಹೊರಗೆ ಬಂದವರು, ಒಂದೇ ಟವೆಲನ್ನು ಐದು ನಿಮಿಷ ಕೊಡವುತ್ತ ನಿಂತರು.

"ಹೂಂ ಕಣ್ರೀ, ಶರತ್‌ಗೇ! ದಸರಾ ಹೊತ್ತಿಗೆ ಎಲ್ಲಾ ಆಗ್ಬಿಡಬೇಕು... ಡೇರೆ ಹನ್ನೆರಡು ಬೇಕು. ಮನೆ ಮುಂದೆ ಪೂರ್ತಿ ತುಂಬ್ಬೇಕು, ರೋಡಲ್ಲಿ ಹೋಗೋರು ನಿಂತು ನೋಡ್ಬೇಕು... ಜೋಡಿ ಒಪ್ಪುತ್ತೆ ಅಂತೀರಾ? ನಂಗೂ ಹಾಗೇ ಅನ್ಸುತ್ತೆ. ಆಯ್ತು, ಭಾನುವಾರವೇ ಕಳ್ಸಿ."

ಫೋನು ಇಟ್ಟ ಕೂಡಲೆ ನಂಜಮ್ಮನ ಮುಖ ಗೋಡೆಯ ಮೇಲೆ ಮೂಡಿತು. "ಏನು ಗೋವಿಂದಣ್ಣ, ಶರತ್ ಅಂತ ಕೇಳಿಸ್ತು. ಯಾವಾಗ ಬರ್ತಾನೆ?"

ಋತುವನ್ನು ಹೀಗೆ ಆತ್ಮೀಯವಾಗಿ ಏಕವಚನದಲ್ಲಿ ಕರೆಯುವ ಸಂಸ್ಕಾರ ಪಕ್ಕದ ಮನೆಯಲ್ಲೇ ಇದೆಯೆಂದು ಗೋವಿಂದಯ್ಯನವರಿಗೆ ತಿಳಿದಿರಲಿಲ್ಲ. ಅವರು ಹಿಗ್ಗಿದರು. "ದಸರಾಗೆ ಬರ್ತಾನೆ ನಂಜಕ್ಕ."

"ಎಷ್ಟು ದಿನ ಇರ್ತಾನೆ?"

"ಎರಡೇ ತಿಂಗಳು. ಪ್ರತಿ ವರ್ಷ ಅಷ್ಟೇ. ಆಮೇಲೆ ಹೊರಟ್ರೆ ಮತ್ತೆ ಮುಂದಿನ ದಸರಾಗೇ."

"ಅಯ್ಯೋ ದೇವ್ರೇ! ಹಾಗಾದ್ರೆ ಆ ಉತ್ತರದ ಕಡೆನಾ?"

"ಆ ಕಡೆ ಇನ್ನೂ ಜೋರು. ಕಾಶ್ಮೀರದಲ್ಲಂತೂ ನೋಡೋಕೆ ಎರಡು ಕಣ್ಣು ಸಾಲ್ದಂತೆ."

"ಕಾಶ್ಮೀರ!" ನಂಜಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡರು. ಟವೆಲು ಅವರ ಕೈಯಲ್ಲೇ ಇತ್ತು. "ಗುತ್ಯಮ್ಮ ಒಪ್ಪಿದ್ಲಾ?"

"ಅವಳನ್ನೇನು ಕೇಳೋದು? ನಾನೇ ತೀರ್ಮಾನ ಮಾಡ್ಬಿಟ್ಟಿದ್ದೀನಿ."

"ಮೈತ್ರಿ?"

"ಅವಳಿಗೆ ಸುಳಿವೇ ಕೊಟ್ಟಿಲ್ಲ ನಂಜಕ್ಕ. ಬಂದಾಗ ಒಂದೇ ಸಲ ನೋಡ್ಲಿ, ಬೆರಗಾಗ್ಲಿ!"

ಮೈತ್ರಿ ಅವರ ಒಬ್ಬಳೇ ಮಗಳು. ಇಪ್ಪತ್ತಾರು ವರ್ಷ. ಭದ್ರಾವತಿಯ ಒಂದು ಆಸ್ಪತ್ರೆಯಲ್ಲಿ ನರ್ಸು. ಬೆಳಗಿನ ಪಾಳಿಯಿದ್ದ ವಾರ ಅಲ್ಲೇ ಅಜ್ಜಿಯ ಮನೆಯಲ್ಲಿ ಉಳಿಯುವಳು, ಉಳಿದಂತೆ ಬಸ್ಸಿನಲ್ಲಿ ಓಡಾಡುವಳು. ಆ ವಾರ ಬೆಳಗಿನ ಪಾಳಿ.

ಮುಂದೆ ನಡೆದದ್ದು ಗೋವಿಂದಯ್ಯನವರಿಗೆ ತಿಳಿದದ್ದು ಭಾನುವಾರ. ನಮಗೆ ಅಲ್ಲಿಯವರೆಗೆ ಕಾಯುವ ಅಗತ್ಯವಿಲ್ಲ. ನಂಜಮ್ಮ ನೇರವಾಗಿ ಹಿತ್ತಿಲ ಬಾಗಿಲಿಗೆ ಹೋಗಿ, "ಮಗಳ ಮದುವೆ ಗೊತ್ತಾಯ್ತಂತೆ, ಹುಡುಗ ಕಾಶ್ಮೀರದಲ್ಲಿ ಮಿಲಿಟ್ರಿಯಂತೆ, ಒಂದು ಮಾತು ಹೇಳ್ಲಿಲ್ವಲ್ಲ ಮಾರಾಯ್ತಿ" ಎಂದು ಗುತ್ಯಮ್ಮನನ್ನು ಕೇಳಿದರು. ಗುತ್ಯಮ್ಮನಿಗೆ ಇದು ಹೊಸ ಸುದ್ದಿ. ಆದರೆ ತನ್ನ ಮಗಳ ಮದುವೆಯ ಸುದ್ದಿಯನ್ನು ಪಕ್ಕದ ಮನೆಯವಳಿಂದ ತಿಳಿದುಕೊಂಡೆ ಎಂದು ಒಪ್ಪಿಕೊಳ್ಳುವ ಹೆಂಗಸು ಅವರಲ್ಲ. "ಹೂಂ, ಇನ್ನೂ ಮಾತು ನಡೀತಾ ಇದೆ" ಎಂದುಬಿಟ್ಟರು. ಇದರಿಂದ ಸುದ್ದಿಗೆ ಅಧಿಕೃತ ಮುದ್ರೆ ಬಿದ್ದಂತಾಯಿತು. ನಂಜಮ್ಮ ಕೂಡಲೆ ಭದ್ರಾವತಿಯ ಹಳೇನಗರದಲ್ಲಿದ್ದ ಗುತ್ಯಮ್ಮನ ತಾಯಿ ಹುಲಿಗೆಮ್ಮನಿಗೆ ಫೋನು ಮಾಡಿ ಅಭಿನಂದಿಸಿದರು. ಆಮೇಲೆ ಶಾಮಿಯಾನ ಬಾಡಿಗೆಗೆ ಕೊಡುವ ತಮ್ಮ ಅಕ್ಕನ ಮಗ ಮಲ್ಲೇಶನಿಗೂ ಫೋನು ಮಾಡಿ, "ಹನ್ನೆರಡು ಡೇರೆ ಕಣೋ! ಬೇರೆಯವರಿಗೆ ಹೋಗೋಕೆ ಮುಂಚೆ ಹೋಗಿ ಹಿಡ್ಕೋ" ಎಂದರು.

ಗುತ್ಯಮ್ಮ ಗಂಡನೊಡನೆ ಮಾತು ನಿಲ್ಲಿಸಿದರು. ತಾನಾಗಿ ಕೇಳಬಾರದು, ಅವರೇ ಬಾಯಿ ಬಿಡಲಿ ಎಂಬುದು ಅವರ ಹಟ. ಗೋವಿಂದಯ್ಯನವರು ಇದನ್ನು ಗಮನಿಸಿದರು. ಕಾರಣವನ್ನೂ ತಕ್ಷಣ ಕಂಡುಹಿಡಿದರು. ಕರಿಬೇವು!

"ನಾನು ಮಾಡಿದ್ದು ನಿಂಗೆ ಬೇಜಾರಾಗಿದೆ ಅಂತ ಗೊತ್ತು" ಎಂದರು ಊಟದ ಹೊತ್ತಿಗೆ. "ಆದ್ರೆ ಎಷ್ಟು ದಿನ ಅಂತ ಮನೆ ಮುಂದೆ ಇಟ್ಕೊಳೋದು? ಬೆಳೆದು ನಿಂತಿದೆ. ಎಲ್ಲಿಗೆ ಸೇರ್ಬೇಕೋ ಅಲ್ಲಿಗೆ ಸೇರಿಸ್ದೆ."

ಗುತ್ಯಮ್ಮ ಸೌಟನ್ನು ಪಾತ್ರೆಯೊಳಗೆ ಬಿಟ್ಟು ಎದ್ದು ಹೋದರು.

ಗುರುವಾರ ಸಾಯಂಕಾಲ ಮಲ್ಲೇಶ ಬಂದ. ಕೊರಳಲ್ಲಿ ಟೇಪು, ಕೈಯಲ್ಲಿ ಡೈರಿ. "ನಮಸ್ಕಾರ ಸಾರ್. ಡೇರೆ ವಿಷಯಕ್ಕೆ ಬಂದೆ."

ನರ್ಸರಿಯವನು ಜಾಗ ನೋಡಲು ಆಳು ಕಳಿಸಿದ್ದಾನೆ, ಕೆಲಸದಲ್ಲಿ ನಿಷ್ಠೆಯಿದೆ ಎಂದುಕೊಂಡರು ಗೋವಿಂದಯ್ಯನವರು. "ಬಾರಪ್ಪ. ಇದೇ ಜಾಗ. ಹನ್ನೆರಡು."

ಮಲ್ಲೇಶ ಜಾಗವನ್ನು ನೋಡಿದ. ಟೇಪು ಬಿಚ್ಚುವ ಅಗತ್ಯ ಕಾಣಲಿಲ್ಲ. "ಇಷ್ಟರಲ್ಲಿ ಹನ್ನೆರಡು ಹಿಡಿಯಲ್ಲ ಸಾರ್."

"ಯಾಕೆ ಹಿಡಿಯಲ್ಲ? ಒಂದಕ್ಕೂ ಇನ್ನೊಂದಕ್ಕೂ ಎರಡಡಿ ಬಿಟ್ರೆ ಸಾಕು."

"ಎರಡಡಿ?" ಮಲ್ಲೇಶ ಡೈರಿ ಮುಚ್ಚಿ ಮತ್ತೆ ತೆಗೆದ. "ಬಣ್ಣ ಯಾವುದು ಸಾರ್?"

"ಕೆಂಪು ನಾಲ್ಕು, ಹಳದಿ ನಾಲ್ಕು, ಬಿಳೀದು ನಾಲ್ಕು. ಅಂಚಲ್ಲಿ ಬೇರೆ ಬಣ್ಣ ಇದ್ರೆ ಇನ್ನೂ ಚೆಂದ."

"ಅಂಚಿಗೆ ಜಾಲರಿ ಬರುತ್ತೆ ಸಾರ್. ಎಷ್ಟು ದಿನ ಇರ್ಬೇಕು?"

"ಎರಡು ತಿಂಗಳಾದ್ರೂ ನಿಲ್ಬೇಕಪ್ಪ."

ಹದಿನೈದು ವರ್ಷದ ಅನುಭವದಲ್ಲಿ ಮಲ್ಲೇಶ ಅತಿ ಹೆಚ್ಚೆಂದರೆ ಐದು ದಿನದ ಡೇರೆ ಹಾಕಿದ್ದ. "ಎರಡು ತಿಂಗಳು... ಮಳೆಗಾಲ ಬೇರೆ ಸಾರ್."

"ಮಳೆ ಬಂದ್ರೆ ಒಳ್ಳೇದೇ ಅಲ್ವಾ? ಮಳೆ ಇಲ್ಲದ ದಿನ ನಾನೇ ಬಕೆಟಲ್ಲಿ ನೀರು ಹಾಕ್ತೀನಿ."

"ಡೇರೆಗಾ ಸಾರ್?"

"ಮತ್ತೇನು? ನೀರು ಹಾಕ್ದಿದ್ರೆ ಒಂದೇ ದಿನಕ್ಕೆ ಬಾಡಿ ಹೋಗುತ್ತೆ."

"ಅದು ಸರಿ ಸಾರ್, ಸೀಸನ್ ಟೈಮಲ್ಲಿ ಒಂದೇ ದಿನಕ್ಕೆ ಬಾಡಿಗೆ ಹೋಗುತ್ತೆ" ಎಂದ ಮಲ್ಲೇಶ, ಕೊನೆಗೂ ಒಂದು ಮಾತು ಅರ್ಥವಾದ ಸಮಾಧಾನದಲ್ಲಿ. "ಆಯ್ತು, ಭಾನುವಾರ ಬೆಳಿಗ್ಗೆ ತರ್ತೀನಿ. ಗುಂಡಿ ನಾವೇ ತೋಡ್ಬೇಕಾ?"

"ಬೇಡ. ಗುಂಡಿ ವಿಷಯದಲ್ಲಿ ನಾನು ಯಾರನ್ನೂ ನಂಬಲ್ಲ."

ಭಾನುವಾರ ಏಳು ಗಂಟೆಗೇ ಗೋವಿಂದಯ್ಯನವರು ಲುಂಗಿ ಎತ್ತಿಕಟ್ಟಿ ಹನ್ನೆರಡು ಗುಂಡಿ ತೋಡಿದರು. ದಾರ ಹಿಡಿದು ಅಳೆದ, ಮೂರು ಸಾಲಿನ ಚೊಕ್ಕ ಗುಂಡಿಗಳು. ನರ್ಸರಿಯ ಆಟೋದವನು ಚಿಗುರೊಡೆದ ಡೇರೆ ಗೆಡ್ಡೆಗಳ ಕ್ರೇಟನ್ನು ಗೇಟಿನ ಪಕ್ಕ ಇಳಿಸಿ ಹೋದ. ಕೈಕಾಲು ತೊಳೆದು ಒಂದು ಲೋಟ ಕಾಫಿ ಕುಡಿದು ನೆಡೋಣವೆಂದು ಅವರು ಒಳಗೆ ಹೋದರು. ಹೆಂಡತಿ ಮಾತು ಬಿಟ್ಟಿದ್ದರಿಂದ ಕಾಫಿಯನ್ನು ತಾವೇ ಮಾಡಿಕೊಳ್ಳಬೇಕಾಯಿತು, ಸಕ್ಕರೆ ಡಬ್ಬ ಹುಡುಕಬೇಕಾಯಿತು, ಅದರಲ್ಲಿ ಉಪ್ಪಿರುವುದು ಕುಡಿದ ಮೇಲೆ ತಿಳಿದು ಮತ್ತೊಂದು ಸಲ ಮಾಡಿಕೊಳ್ಳಬೇಕಾಯಿತು. ಒಟ್ಟು ಅರ್ಧ ಗಂಟೆ.

ಲೋಟ ಹಿಡಿದು ಹೊರಗೆ ಬಂದರೆ ಆಕಾಶವಿಲ್ಲ. ಅದರ ಜಾಗದಲ್ಲಿ ಕೆಂಪು, ಹಳದಿ, ಬಿಳಿ ಪಟ್ಟೆಯ ಬಟ್ಟೆ. ಹನ್ನೆರಡು ಗುಂಡಿಯಲ್ಲೂ ಹನ್ನೆರಡು ಕಂಬ. ಮಲ್ಲೇಶ ಮೇಲೆ ನಿಂತು ಹಗ್ಗ ಬಿಗಿಯುತ್ತಿದ್ದ.

"ಏನಯ್ಯ ಇದು?"

"ಡೇರೆ ಸಾರ್! ಹನ್ನೆರಡಕ್ಕೆ ಜಾಗ ಇಲ್ಲ, ಅದಕ್ಕೇ ಒಂದೇ ದೊಡ್ಡದು ಹಾಕಿ ರೋಡಿನವರೆಗೂ ಎಳೆದಿದ್ದೀನಿ. ಗುಂಡಿ ಮಾತ್ರ ಭೇಷ್ ತೋಡಿದ್ದೀರಿ ಸಾರ್. ನಮ್ಮ ಹುಡುಗ್ರಿಗೂ ಬರಲ್ಲ."

"ನಾನು ಹೇಳಿದ್ದು ಹೂವಿನ ಡೇರೆ ಕಣಯ್ಯ, ಹೂವಿಂದು!"

"ಹೂವಿನ ಅಲಂಕಾರ ಬೇರೆಯವರು ಮಾಡೋದು ಸಾರ್. ನಂಬರ್ ಕೊಡ್ತೀನಿ."

ಗೋವಿಂದಯ್ಯನವರು ಬಾಯಿ ತೆರೆಯುವಷ್ಟರಲ್ಲಿ ಓಮ್ನಿ ಗಾಡಿಯೊಂದು ಡೇರೆಯ ಕೆಳಗೇ ಬಂದು ನಿಂತಿತು. ಅದರಿಂದ ಮೊದಲು ಭಾಮೈದ ಪ್ರಕಾಶ್ ಇಳಿದ. ಆಮೇಲೆ ಹೋಳಿಗೆಯ ಡಬ್ಬ, ಬಾಳೆಗೊನೆ, ಎಲೆ ಅಡಿಕೆಯ ತಟ್ಟೆ ಇಳಿದವು. ಕೊನೆಗೆ ಅತ್ತೆ ಹುಲಿಗೆಮ್ಮ ಇಳಿದರು. ಎಪ್ಪತ್ತೈದು ವರ್ಷ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಸೈರನ್ನಿಗೆ ಎದುರಾಗಿ ಮಾತಾಡಿ ಪಳಗಿದ ಗಂಟಲು. ಅವರ ಹಿಂದೆ ಮೈತ್ರಿ. ಅವಳ ಕಣ್ಣು ಊದಿಕೊಂಡಿತ್ತು. ಅಷ್ಟರಲ್ಲಿ ನಂಜಮ್ಮನೂ ಒಳ್ಳೆಯ ಸೀರೆಯುಟ್ಟು ಬಂದು, ಮಲ್ಲೇಶನ ಹುಡುಗರು ಆಗಷ್ಟೇ ಬಿಚ್ಚಿಟ್ಟ ಕುರ್ಚಿಯ ಮೇಲೆ ಕುಳಿತರು.

ಹುಲಿಗೆಮ್ಮ ಡೇರೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. "ಡೇರೆ ಮಾತ್ರ ಹಾಕ್ಸಿದ್ದೀರಾ, ಇಲ್ಲಾ ತಾಳಿನೂ ಕಟ್ಟಿಸಿಬಿಟ್ರಾ ಅಳಿಯಂದಿರೇ?"

"ತಾಳಿ? ಯಾರಿಗೆ?"

"ನೋಡ್ರಪ್ಪ, ಕೇಳೋದು ನೋಡಿ! ಮೊಮ್ಮಗಳನ್ನ ಕಾಶ್ಮೀರಕ್ಕೆ ಕೊಡ್ತಾರಂತೆ, ಅಜ್ಜಿಗೆ ಒಂದು ಮಾತಿಲ್ಲ!"

"ಭಾವ, ಇದು ಸರಿಯಲ್ಲ" ಎಂದ ಪ್ರಕಾಶ್ ಬಾಳೆಗೊನೆ ಹಿಡಿದುಕೊಂಡೇ. "ಮಿಲಿಟ್ರಿಯವನು ಅಂದ್ರೆ ಗೌರವ ಇದೆ. ಆದ್ರೆ ವರ್ಷಕ್ಕೆ ಎರಡೇ ತಿಂಗಳು ಬಂದು ಹೋಗೋನು..."

ಒಳಬಾಗಿಲಿನಿಂದ ಗುತ್ಯಮ್ಮನ ಧ್ವನಿ ನಾಲ್ಕು ದಿನದ ಮೇಲೆ ಮೊದಲ ಬಾರಿಗೆ ಕೇಳಿಬಂತು. "ಬೆಳೆದು ನಿಂತಿದೆ, ಎಷ್ಟು ದಿನ ಇಟ್ಕೊಳೋದು ಅಂದ್ರು ಕಣಮ್ಮ! ನನ್ನ ಮಗಳನ್ನ!"

"ಅದು ಕರಿಬೇವು!" ಎಂದರು ಗೋವಿಂದಯ್ಯನವರು.

ಯಾರಿಗೂ ಅರ್ಥವಾಗಲಿಲ್ಲ. ಅಷ್ಟರಲ್ಲಿ ಮೈತ್ರಿ ಮುಂದೆ ಬಂದಳು. ಕೈಯಲ್ಲಿದ್ದ ಬ್ಯಾಗನ್ನು ಕೆಳಗಿಟ್ಟಳು. ಸಣ್ಣ ದನಿಯ ಹುಡುಗಿ ಅವಳು. ಆದರೆ ಆ ದಿನ ಮೇಲಿದ್ದ ಮಲ್ಲೇಶನೂ ಹಗ್ಗ ಬಿಗಿಯುವುದನ್ನು ನಿಲ್ಲಿಸಿ ಕೇಳಿದ.

"ಅಪ್ಪ, ನಾನು ಆ ಶರತ್‌ನ ಮದುವೆ ಆಗಲ್ಲ. ಅವನ್ಯಾರೋ ನಂಗೆ ಗೊತ್ತಿಲ್ಲ, ಗೊತ್ತಾಗೋದೂ ಬೇಡ. ನಾನು ಮದುವೆ ಅಂತ ಆದ್ರೆ ಹಾಲೇಶ್‌ನ. ಎರಡು ವರ್ಷದಿಂದ ಹೇಳ್ಬೇಕು ಅಂತಿದ್ದೆ. ಧೈರ್ಯ ಬಂದಿರ್ಲಿಲ್ಲ."

ನಂಜಮ್ಮ ಕುರ್ಚಿಯನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡರು.

ಗೋವಿಂದಯ್ಯನವರ ತಲೆಯಲ್ಲಿ ಎರಡು ಸುದ್ದಿಗಳು ಒಟ್ಟಿಗೇ ಬಾಗಿಲಿಗೆ ಬಂದು ಸಿಕ್ಕಿಕೊಂಡಿದ್ದವು. ಅವರು ಹತ್ತಿರವಿದ್ದದ್ದನ್ನು ಮೊದಲು ಎಳೆದರು. "ಶರತ್‌ನ ಮದುವೆ ಆಗು ಅಂತ ಯಾರಮ್ಮ ಹೇಳಿದ್ದು? ಶರತ್ ಹುಡುಗ ಅಲ್ಲ. ಋತು!"

"ಋತು?" ಹುಲಿಗೆಮ್ಮ ಹಣೆ ಚಚ್ಚಿಕೊಂಡರು. "ಈಗ ಇದ್ಯಾವಳಪ್ಪ ಹೊಸಬಳು!"

ಸರಿಯಾಗಿ ಆ ಹೊತ್ತಿಗೆ ಕಾರೊಂದು ರಸ್ತೆಯಲ್ಲಿ ನಿಂತು ಮ್ಯಾನೇಜರ್ ಓಂಕಾರಪ್ಪನವರು ಇಳಿದರು. ಬಜಾರಿಗೆ ಬಂದವರು ತೋಟ ನೋಡಿ ಹೋಗೋಣವೆಂದು ವಿಳಾಸ ಕೇಳಿಕೊಂಡು ಬಂದಿದ್ದರು. ಡೇರೆಯ ಕೆಳಗೆ ಬಾಗಿ ಒಳಬಂದು, ಮುಗುಳ್ನಗುತ್ತ, ಎಲ್ಲರಿಗೂ ಕೇಳುವಂತೆ ಕೇಳಿದರು. "ಏನ್ರೀ ಗೋವಿಂದಯ್ಯ, ನಿಮ್ಮ ಶರತ್ ತಯಾರಿ ಎಲ್ಲಿಗೆ ಬಂತು?"

ಬಿಳಿ ಪಂಚೆ, ಜರಿಯ ಶಲ್ಯ, ಕಾರು. ಹುಲಿಗೆಮ್ಮನಿಗೆ ಇನ್ನೇನು ಬೇಕು? ಸೆರಗು ಹೊದ್ದು ಎದ್ದು ಬಂದರು. "ಬನ್ನಿ ಬೀಗರೇ. ಗುತ್ಯಮ್ಮ, ಕಾಲಿಗೆ ನೀರು ತಾ. ಬೀಗರೇ, ತಪ್ಪು ತಿಳ್ಕೋಬೇಡಿ. ನಿಮ್ಮ ಶರತ್ ಚಿನ್ನದಂಥ ಹುಡುಗ ಇರ್ಬೋದು. ಆದ್ರೆ ನಮ್ಮ ಹುಡುಗಿಗೆ ಮನಸ್ಸಿಲ್ಲ."

ಓಂಕಾರಪ್ಪನವರಿಗೆ ಇದ್ದದ್ದು ಇಬ್ಬರು ಹೆಣ್ಣುಮಕ್ಕಳು. ಅವರು ಕಂಬಗಳನ್ನು ನೋಡಿದರು, ಬಾಳೆಗೊನೆ ನೋಡಿದರು, ಅಳುಮುಖದ ಹುಡುಗಿಯನ್ನು ನೋಡಿದರು, ಕೊನೆಗೆ ತಮ್ಮ ಸ್ಟೋರ್ ಕೀಪರನ್ನು ನೋಡಿದರು. "ಅಮ್ಮ, ಶರತ್ ಯಾರ ಮಗನೂ ಅಲ್ಲ. ದಸರಾದಿಂದ ಕಾರ್ತಿಕದವರೆಗಿನ ಕಾಲಕ್ಕೆ ಹಾಗಂತಾರೆ. ಆ ಕಾಲಕ್ಕೆ ಇವರು ಹೂವಿನ ಗಿಡ ಹಾಕ್ತಾರಂತೆ. ಅದನ್ನ ನೋಡೋಕೆ ನಾನು ಬಂದೆ."

ಇಷ್ಟು ಸಣ್ಣ ವಿಷಯಕ್ಕೆ ಅಷ್ಟು ದೊಡ್ಡ ಹೆಸರು ಯಾಕೆ ಬೇಕಿತ್ತು ಎಂದು ಮೊದಲು ಕೇಳಿದ್ದು ಹುಲಿಗೆಮ್ಮ. ಹನ್ನೆರಡು ಡೇರೆ ಎಂದರೇನು ಎಂದು ಕೇಳಿದ್ದು ಪ್ರಕಾಶ್. ಗೋವಿಂದಯ್ಯನವರು ಗೇಟಿನ ಪಕ್ಕದ ಕ್ರೇಟನ್ನು ತೋರಿಸಿದರು. ಎಲ್ಲರೂ ಹೋಗಿ ಗೆಡ್ಡೆಗಳನ್ನು ನೋಡಿ ಬಂದರು. ಕಾಶ್ಮೀರದ ಪ್ರಸ್ತಾಪ ಎಲ್ಲಿಂದ ಬಂತೆಂದು ವಿಚಾರಿಸ ಹೊರಟಾಗ ನಂಜಮ್ಮ, ಒಲೆಯ ಮೇಲೆ ಹಾಲಿಟ್ಟು ಬಂದ ನೆನಪಾಗಿ ಎದ್ದರು. ಆದರೆ ಗೇಟು ದಾಟಲಿಲ್ಲ. ಕಥೆ ಮುಗಿದಿಲ್ಲವೆಂದು ಅವರಿಗೆ ಗೊತ್ತಿತ್ತು.

"ತೋಟ ಎಲ್ರೀ?" ಎಂದರು ಮ್ಯಾನೇಜರು.

"ಕಂಬದ ಕೆಳಗಿದೆ ಸಾರ್" ಎಂದರು ಗೋವಿಂದಯ್ಯನವರು, ಎದೆ ಸೆಟೆಸಿಯೇ. "ಈ ವರ್ಷ ಶರತ್ ಸ್ವಲ್ಪ ಲೇಟು."

ಗುತ್ಯಮ್ಮ ನಕ್ಕುಬಿಟ್ಟರು. ಅವರು ನಕ್ಕದ್ದನ್ನು ಕಂಡು ಪ್ರಕಾಶ್ ನಕ್ಕ. ಮ್ಯಾನೇಜರೂ ನಕ್ಕು ಕುರ್ಚಿ ಎಳೆದು ಕುಳಿತರು. ನಗದೆ ಉಳಿದವಳು ಮೈತ್ರಿ ಒಬ್ಬಳೇ. ಶರತ್ ಇಲ್ಲವೆಂದು ಗೊತ್ತಾದ ಮೇಲೆ, ಇಲ್ಲದ ಶರತ್‌ನ ಕಾಟಕ್ಕೆ ತಾನು ಎಲ್ಲರೆದುರು ಹೇಳಿಬಿಟ್ಟ ಹೆಸರು ಮಾತ್ರ ಉಳಿದುಕೊಂಡಿತ್ತು. ಅವಳು ಮೆಲ್ಲನೆ ಬ್ಯಾಗು ಎತ್ತಿಕೊಂಡು ಒಳಗೆ ಹೊರಟಳು.

"ನಿಲ್ಲೇ" ಎಂದರು ಹುಲಿಗೆಮ್ಮ. "ಹಾಲೇಶ್ ಅನ್ನೋದು ಯಾವ ತಿಂಗಳು?"

"ತಿಂಗಳಲ್ಲ ಅಜ್ಜಿ. ಹುಡುಗ."

"ಏನು ಕೆಲ್ಸ?"

"ಭದ್ರಾವತಿ ದಾರೀಲಿ ರೈಲ್ವೆ ಗೇಟಿದೆಯಲ್ಲ, ಅಲ್ಲಿ ಗೇಟ್‌ಮ್ಯಾನ್. ಗೇಟ್ ಹಾಕಿದಾಗ ನಮ್ಮ ಬಸ್ಸು ಅಲ್ಲೇ ನಿಲ್ತಿತ್ತು."

"ಎಷ್ಟು ದಿನದಿಂದ ನಿಲ್ತಿದೆ ಬಸ್ಸು?"

"ಎರಡು ವರ್ಷ."

"ಪರ್ಮನೆಂಟಾ?"

"ಹೂಂ ಅಜ್ಜಿ. ಹೊಳೆಹೊನ್ನೂರಿನವರು. ಅಮ್ಮ ಒಬ್ರೇ ಇದ್ದಾರೆ."

ಹುಲಿಗೆಮ್ಮ ಮಗಳ ಕಡೆ ನೋಡಿದರು. ಗುತ್ಯಮ್ಮ ಗಂಡನ ಕಡೆ ನೋಡಿದರು. ಎಲ್ಲರ ಕಣ್ಣೂ ಗೋವಿಂದಯ್ಯನವರ ಮೇಲೆ ಬಂದು ನಿಂತಿತು. ಮೈತ್ರಿ ಮಾತ್ರ ನೆಲ ನೋಡುತ್ತಿದ್ದಳು.

"ಬಸ್ಸು ನಿಂತ್ರೆ ಅಷ್ಟು ಜನ ಇರ್ತಾರೆ" ಎಂದರು ಗೋವಿಂದಯ್ಯನವರು. "ಅವನೇ ಯಾಕೆ ಕಣ್ಣಿಗೆ ಬಿದ್ದ?"

"ಗೇಟಿನ ಪಕ್ಕ ಹೂ ಹಾಕಿದ್ದ ಅಪ್ಪ. ಮೊದ್ಲು ಅದು ಕಣ್ಣಿಗೆ ಬಿತ್ತು."

"ಏನು ಹೂ?"

"ಚೆಂಡುಹೂ. ಕೋಳಿಜುಟ್ಟು."

"ಡೇರೆ ಇದೆಯಾ?"

"ರೀ!" ಎಂದರು ಗುತ್ಯಮ್ಮ.

"ನೀ ಸುಮ್ನಿರು, ಮುಖ್ಯವಾದ ವಿಷಯ. ಡೇರೆ ಇದೆಯಾ?"

"ಇದೆ ಅಪ್ಪ. ಹೋದ ವರ್ಷ ಇಷ್ಟು ದೊಡ್ಡದು ಬಿಟ್ಟಿತ್ತು" ಎಂದು ಮೈತ್ರಿ ಎರಡು ಕೈಯಲ್ಲಿ ಅಳತೆ ತೋರಿಸಿದಳು. ಗೋವಿಂದಯ್ಯನವರು ಆ ಅಳತೆಯನ್ನು ಬಹಳ ಹೊತ್ತು ನೋಡಿದರು.

ಹುಲಿಗೆಮ್ಮನಿಗೆ ಅಷ್ಟು ಹೊತ್ತು ಇರಲಿಲ್ಲ. "ಡೇರೆ ನಿಂತಿದೆ, ಜನ ಸೇರಿದ್ದಾರೆ, ಹೋಳಿಗೆ ತಂದಿದ್ದೀನಿ. ವಾಪಸ್ ಹೊತ್ಕೊಂಡು ಹೋಗೋಕೆ ನಂಗೇನು ಹುಚ್ಚಾ? ಅವನ ತಾಯಿ ಜೊತೆ ಬರೋಕೆ ಹೇಳು. ನೋಡೋಣ."

ಹಾಲೇಶ್ ಎರಡು ಗಂಟೆಗೆ ಪಾಳಿ ಮುಗಿಸಿ, ಮೂರೂವರೆಗೆ ಬೈಕಿನಲ್ಲಿ ತಾಯಿಯನ್ನು ಕೂರಿಸಿಕೊಂಡು ಬಂದ. ಸಪೂರ ಆಳು, ಬಿಸಿಲಿಗೆ ಕಪ್ಪಾದ ಮುಖ. ಗಾಬರಿಯಲ್ಲಿ ಹಸಿರು ಬಾವುಟ ಇನ್ನೂ ಪ್ಯಾಂಟಿನ ಜೇಬಿನಲ್ಲೇ ಇತ್ತು. ಅವನ ತಾಯಿ ಚಪ್ಪಲಿ ಬಿಡುತ್ತಲೇ ಹುಲಿಗೆಮ್ಮನನ್ನು ಗುರುತು ಹಿಡಿದು, "ನೀವು ಹಳೇನಗರದ ಹುಲಿಗಕ್ಕ ಅಲ್ವಾ?" ಎಂದದ್ದೇ ಇಬ್ಬರೂ ಕೈ ಕೈ ಹಿಡಿದುಕೊಂಡು ಮೂಲೆ ಸೇರಿದರು. ಪ್ರಕಾಶ್ ಸಂಬಳ ಕೇಳಿದ, ಹೋಳಿಗೆ ಊಟಕ್ಕೆಂದು ಉಳಿದಿದ್ದ ಮ್ಯಾನೇಜರು ಡಿಪಾರ್ಟ್‌ಮೆಂಟ್ ಪರೀಕ್ಷೆಯ ಬಗ್ಗೆ ಕೇಳಿದರು. ಹುಡುಗ ಎಲ್ಲದಕ್ಕೂ ಉತ್ತರ ಕೊಡುತ್ತಿದ್ದ, ಆದರೆ ಅವನ ಕಣ್ಣು ಮತ್ತೆ ಮತ್ತೆ ಗೇಟಿನ ಕಡೆಗೇ ಹೋಗುತ್ತಿತ್ತು. ಓಡಿಹೋಗುವ ಯೋಚನೆಯಲ್ಲಿದ್ದಾನೆಂದು ಗೋವಿಂದಯ್ಯನವರು ತೀರ್ಪು ಕೊಟ್ಟುಕೊಂಡರು.

ಕೊನೆಗೆ ಅವನು ಎದ್ದೇಬಿಟ್ಟ. "ಸಾರ್, ತಪ್ಪು ತಿಳೀಬೇಡಿ. ಆ ಡೇರೆ ಗೆಡ್ಡೆ ಮೇಲೆ ಪಕ್ಕದಿಂದ ಓರೆ ಬಿಸಿಲು ಬೀಳ್ತಾ ಇದೆ. ಚಿಗುರು ಒಣಗ್ತಾ ಇದೆ. ನೆರಳಿಗೆ ಇಡ್ಲಾ?"

ಯಾರ ಅಪ್ಪಣೆಗೂ ಕಾಯದೆ ಕ್ರೇಟು ಎತ್ತಿಕೊಂಡು ತುಳಸಿಕಟ್ಟೆಯ ಹಿಂದೆ ಇಟ್ಟ. ಒಂದೊಂದನ್ನೇ ತಿರುಗಿಸಿ ನೋಡಿ ನೀರು ಚಿಮುಕಿಸಿದ. "ಸ್ವಲ್ಪ ತಡವಾಗಿದೆ ಸಾರ್. ಆದ್ರೂ ಬರುತ್ತೆ. ದಸರಾ ಅಲ್ದಿದ್ರೆ ದೀಪಾವಳಿಗೆ ಬಿಡುತ್ತೆ. ಹತ್ತು ಬದುಕುತ್ತೆ, ಎರಡು ಹೋಗ್ಬೋದು."

ತಮಗೆ ಎದುರಾಗಿ ನಿಂತು ಎರಡು ಹೋಗಬಹುದು ಎಂದು ನೇರವಾಗಿ ಹೇಳಿದವನನ್ನು ಗೋವಿಂದಯ್ಯನವರು ನೋಡಿ ಬಹಳ ವರ್ಷವಾಗಿತ್ತು. ಅವರು ಹುಡುಗನ ಪಕ್ಕ ಕುಕ್ಕರಗಾಲಲ್ಲಿ ಕುಳಿತರು. "ಯಾವ ಎರಡು?" ಎಂದರು. ಅವನು ತೋರಿಸಿದ. ಅವರು ಮುಟ್ಟಿ ನೋಡಿದರು. ನಿಜವಾಗಿಯೂ ಮೆತ್ತಗಾಗಿದ್ದವು.

ಎದ್ದು ನಿಂತು ಲುಂಗಿ ಕೊಡವಿ, ಕಾರ್ಖಾನೆಯಲ್ಲಿ ಸರಕು ಪಾಸು ಮಾಡುವ ದನಿಯಲ್ಲಿ ಹೇಳಿದರು. "ಅತ್ತೆ, ಹುಡುಗ ಆಗ್ಬೋದು."

"ನಾವು ಮೂರೂವರೆಗೇ ಒಪ್ಪಿ ಆಯ್ತು" ಎಂದರು ಹುಲಿಗೆಮ್ಮ. "ಹೂ ಮುಡಿಸೋ ಶಾಸ್ತ್ರ ಮಾಡ್ಬಿಡೋಣ. ಹೂವೆಲ್ಲಿ?"

ಹನ್ನೆರಡು ಗುಂಡಿ, ಒಂದು ಡೇರೆ, ಒಂದು ಕ್ರೇಟು ಗೆಡ್ಡೆಯಿದ್ದ ಆ ಮನೆಯಲ್ಲಿ ಮುಡಿಯಲು ಒಂದೇ ಒಂದು ಹೂವಿರಲಿಲ್ಲ. ಪ್ರಕಾಶ್ ಗಾಡಿ ತೆಗೆಯುತ್ತೇನೆಂದ, ಮಲ್ಲೇಶ ನಂಬರ್ ಕೊಡುತ್ತೇನೆಂದ. "ಹೂವಿನ ವಿಷಯ ನನಗೆ ಬಿಡಿ" ಎಂದು ಗೋವಿಂದಯ್ಯನವರು ಶರಟು ತೊಟ್ಟು ನಡೆದೇ ಹೊರಟರು.

ಗಾಂಧಿ ಬಜಾರಿನ ಹೂವಿನ ಸಾಲಿನಲ್ಲಿ ಶ್ರಾವಣದ ರಾಶಿ ಬಿದ್ದಿತ್ತು. ಸೇವಂತಿಗೆ, ಮಲ್ಲಿಗೆ, ಕಾಕಡ, ಗುಲಾಬಿ. ಕಟ್ಟುತ್ತ ಕುಳಿತಿದ್ದ ಹೆಂಗಸು ತಲೆಯೆತ್ತಿದಳು. "ಯಾವುದು ಕೊಡ್ಲಿ ಅಣ್ಣ?"

ಗೋವಿಂದಯ್ಯನವರು ಸೇವಂತಿಗೆಯ ಕಡೆ ಬೆರಳು ಮಾಡಿದರು. ಹೆಂಗಸು ಮೊಳ ಹಾಕಲು ಕೈ ಚಾಚಿದಳು. ಅವರು ಬೆರಳನ್ನು ಹಿಂದಕ್ಕೆ ತೆಗೆದುಕೊಂಡರು. "ತಡಿಯಮ್ಮ" ಎಂದು ಮೊಬೈಲು ತೆಗೆದರು. ಬಜಾರಿನಲ್ಲಿ ಸಿಗ್ನಲ್ ಚೆನ್ನಾಗಿತ್ತು. ಆದರೂ ಅಭ್ಯಾಸಬಲದಿಂದ ಕೂಗಿದರು.

"ಮೈತ್ರಿ! ನಿಂಗೆ ಯಾವ ಹೂ ಬೇಕಮ್ಮ?"

ಆ ಕಡೆಯಿಂದ ಮಗಳ ಸಣ್ಣ ದನಿ ಬಂತು. "ಕನಕಾಂಬರ ಅಪ್ಪ."

"ಕನಕಾಂಬರಕ್ಕೆ ವಾಸನೆ ಇಲ್ವಲ್ಲಮ್ಮ."

"ನಂಗೆ ಅದೇ ಇಷ್ಟ."

"ಆಯ್ತು" ಎಂದರು ಗೋವಿಂದಯ್ಯನವರು.

ನಾಲ್ಕು ಮೊಳ ಕಟ್ಟಿಸಿಕೊಂಡರು. ಬಾಳೆಲೆಯ ಪೊಟ್ಟಣವನ್ನು ಎರಡು ಕೈಯಲ್ಲೂ ಹಿಡಿದುಕೊಂಡು, ಆಟೋದವನು ಕರೆದರೂ ಹತ್ತದೆ, ದುರ್ಗಿಗುಡಿಯ ಕಡೆ ನಡೆದರು. ದಾರಿಯಲ್ಲಿ ಪರಿಚಯದವರು ಸಿಕ್ಕರು. ಏನು ಗೋವಿಂದಯ್ಯ, ಹೂವು ಜೋರು ಎಂದರು. ಅವರು ಪ್ರತಿಯೊಬ್ಬರೆದುರೂ ನಿಂತು, ಪೊಟ್ಟಣದ ಎಲೆ ಸರಿಸಿ, ಕೇಸರಿ ಬಣ್ಣದ ಆ ದಂಡೆಯನ್ನು ತೋರಿಸಿ ಹೇಳಿದರು:

"ಮಗಳಿಗೆ. ಅವಳೇ ಆರಿಸಿದ್ದು."